ಗದ್ದೆಯ ಇಲಿಗಳೂ ಅವುಗಳನ್ನು ತಿನ್ನುವ ಪ್ರಾಣಿಗಳೂ

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುವವರಿಗೆ ಇಲಿಯ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಕಂಪ್ಲಿ, ಹೊಸಪೇಟೆ, ಕಮಲಾಪುರದ ಸುತ್ತಿನ ಗದ್ದೆಗಳಲ್ಲಿ ಭತ್ತ ಹೊಡೆ ತುಂಬುವ ವೇಳೆಗೆ ಬದುವಿನ ಪಕ್ಕದ ಬುಡಗಳು ಓರೆಯಾಗಿ ಕತ್ತರಿಸಿ ಬಿದ್ದಿರುತ್ತವೆ. ಕಂಡ ಕೂಡಲೇ ಪಾಷಾಣ ತರಲು ಅಂಗಡಿಗೆ ಹೋಗುವುದು ವಾಡಿಕೆ. ವಿಷ ಇಟ್ಟ ವಾರದಲ್ಲಿ ಹಲವು ಇಲಿಗಳು ಸತ್ತು ಬೀಳುತ್ತವೆ, ರೈತನಿಗೆ ಸಮಾಧಾನವಾಗುತ್ತದೆ. ಆದರೆ ಮುಂದಿನ ಹಂಗಾಮಿಗೆ ಇಲಿಗಳು ಮೊದಲಿನಷ್ಟೇ, ಕೆಲವೊಮ್ಮೆ ಮೊದಲಿಗಿಂತ ಹೆಚ್ಚಾಗಿಯೇ ಕಾಣಿಸಿಕೊಳ್ಳುತ್ತವೆ. ಆಗ ಔಷಧಿಯೇ ಕಲಬೆರಕೆ ಎಂದು ಅಂಗಡಿಯವನನ್ನು ದೂರುವುದುಂಟು. ಕಲಬೆರಕೆ ಇರಲೂಬಹುದು. ಆದರೆ ಔಷಧಿ ಶುದ್ಧವಾಗಿದ್ದಾಗಲೂ ಹೀಗಾಗುವುದಕ್ಕೆ ಕಾರಣಗಳಿವೆ. ಅವನ್ನು ತಿಳಿಯಲು ಒಂದು ಇಲಿ ಹೇಗೆ ಸಾಯುತ್ತದೆ ಎಂಬುದಕ್ಕಿಂತ ಒಂದು ಊರಿನ ಹೊಲಗದ್ದೆಗಳಲ್ಲಿ ಇಲಿಗಳ ಸಂಖ್ಯೆ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನು ನೋಡಬೇಕಾಗುತ್ತದೆ.

ನೀರಾವರಿ ಗದ್ದೆಗಳಲ್ಲಿ ಮುಖ್ಯವಾದದ್ದು ಬದುವಿನಲ್ಲಿ ಬಿಲ ತೋಡುವ ಸಣ್ಣ ಹೆಗ್ಗಣ. ಬಿಲದ ಬಾಯಿಯಲ್ಲಿ ಹೊಸಮಣ್ಣಿನ ಗುಪ್ಪೆ ಇದ್ದರೆ ಅದು ಇದರದ್ದೇ ಎಂದು ತಿಳಿಯಬಹುದು. ತಿನ್ನುವುದಕ್ಕಿಂತ ಹೆಚ್ಚಾಗಿ ಕತ್ತರಿಸಿ ಹಾಳುಮಾಡುವುದು, ತೆನೆಗಳನ್ನು ಬಿಲಕ್ಕೆ ಸಾಗಿಸಿ ಕೂಡಿಡುವುದು ಇದರ ಸ್ವಭಾವ. ಸುಗ್ಗಿಯಾದ ಮೇಲೆ ಬಿಲ ಅಗೆದವರಿಗೆ ಕಿಲೋಗಟ್ಟಲೆ ತೆನೆ ಸಿಗುವುದು ಇದರಿಂದಲೇ. ಇದರ ಗರ್ಭದ ಅವಧಿ ಸುಮಾರು ಮೂರು ವಾರಗಳು, ಒಂದು ಸೂಲಿಗೆ ಸಾಮಾನ್ಯವಾಗಿ 6ರಿಂದ 8 ಮರಿಗಳು. ಮರಿಗಳು ಸುಮಾರು ಮೂರು ತಿಂಗಳಿಗೆ ತಾವೇ ಮರಿಹಾಕಲು ಸಿದ್ಧವಾಗುತ್ತವೆ. ಬೆದ್ದಲು ಹೊಲಗಳಲ್ಲಿ ಇರುವುದು ಇನ್ನೆರಡು ಜಾತಿ: ಬಾಲದ ತುದಿಯಲ್ಲಿ ಕೂದಲಿನ ಕುಚ್ಚಿರುವ, ಹಿಂಗಾಲಿನ ಮೇಲೆ ಜಿಗಿಯುವ ಬಯಲಿಲಿ, ಮೃದುವಾದ ರೋಮವುಳ್ಳ ಸಣ್ಣ ಹೊಲದಿಲಿ.

ಈ ಮೃದುರೋಮದ ಇಲಿಯ ಬಗ್ಗೆ ಕನ್ನಡ ನಾಡಿನಲ್ಲಿಯೇ ಬರೆದಿಟ್ಟ ಒಂದು ಹಳೆಯ ದಾಖಲೆಯುಂಟು. ಧಾರವಾಡ ಭಾಗದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಎಂಬವರು ಈ ಸೀಮೆಯ ಸಸ್ತನಿಗಳ ಒಂದು ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದರು. ಅವರು ಹೇಳುವಂತೆ ಈ ಇಲಿ ತಾನಾಗಿ ಆಳವಾದ ಬಿಲ ತೋಡುವುದಿಲ್ಲ. ಬೇಸಿಗೆಯಲ್ಲಿ ಎರೆಭೂಮಿ ಬಿರಿದಾಗ ಆ ಬಿರುಕುಗಳಲ್ಲಿಯೇ, ಇಲ್ಲವೆ ಹೊಲದ ಕಲ್ಲುಗುಪ್ಪೆಗಳಲ್ಲಿ, ಹೆಗ್ಗಣ ಬಿಟ್ಟುಹೋದ ಬಿಲಗಳಲ್ಲಿ ಸಂಸಾರ ಹೂಡುತ್ತದೆ. ಮುಂಗಾರು ಜೋರಾಗಿ ಬಿದ್ದರೆ ಎರೆ ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಒಳಗಿದ್ದ ಇಲಿಗಳು ಅಲ್ಲಿಯೇ ಸಾಯುತ್ತವೆ. 1826ರಲ್ಲಿ ಮುಂಗಾರಿನ ಮೊದಲ ಮಳೆ ಸರಿಯಾಗಿ ಆಗಲಿಲ್ಲ. ಬಿರುಕುಗಳು ಮುಚ್ಚಲಿಲ್ಲ, ಇಲಿಗಳು ಸಾಯಲಿಲ್ಲ. ಬಿತ್ತಿದ ಬೀಜವನ್ನೇ ಹೆಕ್ಕಿ ತಿಂದವು. ಉಳಿದ ಜೋಳ ಕಾಳು ಕಟ್ಟಿದಾಗ ದಂಟು ಹತ್ತಿ ತೆನೆ ಕತ್ತರಿಸಿದವು. ಹೊಲಹೊಲಗಳೇ ಹಾಳಾಗಿ ರೈತರು ಕಂದಾಯ ಕಟ್ಟಲಾಗದ ಸ್ಥಿತಿ ಬಂತು. ಕೆರೆಬಾವಿ ತೋಡುವ ಕಸುಬಿನವರಿಗೆ ಇಂತಿಷ್ಟು ಡಜನ್ ಇಲಿಗೆ ಇಂತಿಷ್ಟು ಕಾಳು ಎಂದು ಗೊತ್ತುಮಾಡಿ ಸಾವಿರಗಟ್ಟಲೆ ಕೊಲ್ಲಿಸಿದರೂ ಸಂಖ್ಯೆ ತಗ್ಗಿದಂತೆ ಕಾಣಲಿಲ್ಲವಂತೆ.

ಸುಮಾರು ಇನ್ನೂರು ವರ್ಷ ಹಿಂದಿನ ಈ ಸಂಗತಿಯಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಒಂದು ಪ್ರಾಣಿಯ ಸಂಖ್ಯೆ ಎಷ್ಟಿರುತ್ತದೆ ಎಂಬುದನ್ನು ಅದರ ಹೆರಿಗೆಯಷ್ಟೇ ಅದರ ಸಾವೂ ತೀರ್ಮಾನಿಸುತ್ತದೆ. ಆ ವರ್ಷ ಇಲಿಗಳು ಹೊಸದಾಗಿ ಹೆಚ್ಚು ಹೆರಲು ಕಲಿತವೆಂದಲ್ಲ. ಪ್ರತಿವರ್ಷ ಆಗುತ್ತಿದ್ದ ಸಾವು ಆಗಲಿಲ್ಲ. ಎರಡನೆಯದು, ಸಂಖ್ಯೆ ಒಮ್ಮೆ ಮಿತಿ ಮೀರಿದ ಮೇಲೆ ಕೊಲ್ಲುವ ಕೆಲಸಕ್ಕೆ ಕೈ ಹಾಕಿದರೆ ಶ್ರಮ ದಂಡವಾಗುತ್ತದೆ. ಬಳ್ಳಾರಿ ಸೀಮೆಯನ್ನೂ ಹಿಂಡಿದ 1876-78ರ ಬರದ ಬೆನ್ನಿಗೇ, 1878-79ರ ಸುಗ್ಗಿಯಲ್ಲಿ, ದಖ್ಖನಿನ ಹೊಲಗಳಿಗೆ ಇಲಿಗಳ ಹಾವಳಿ ಬಂದದ್ದೂ ದಾಖಲಾಗಿದೆ.

ಉತ್ತರ ದೇಶದ ಮೊಲ ಮತ್ತು ಕಾಡುಬೆಕ್ಕು

ತಿನ್ನುವ ಪ್ರಾಣಿಗೂ ತಿನ್ನಿಸಿಕೊಳ್ಳುವ ಪ್ರಾಣಿಗೂ ಇರುವ ಸಂಬಂಧವನ್ನು ವಿಜ್ಞಾನಿಗಳು ಮೊದಲು ಚೆನ್ನಾಗಿ ಅಳೆದದ್ದು ಭೂಮಿಯ ಉತ್ತರದ ಶೀತ ದೇಶಗಳಲ್ಲಿ. ಕೆನಡಾದಲ್ಲಿ ಚಳಿಗಾಲಕ್ಕೆ ಬೆಳ್ಳಗಾಗುವ ಒಂದು ಜಾತಿಯ ಮೊಲವಿದೆ. ಅದನ್ನೇ ನಂಬಿ ಬದುಕುವ ಲಿಂಕ್ಸ್ ಎಂಬ ದೊಡ್ಡ ಕಾಡುಬೆಕ್ಕಿದೆ. ಅಲ್ಲಿ ತುಪ್ಪಳದ ವ್ಯಾಪಾರ ನಡೆಸಿದ ಹಡ್ಸನ್ಸ್ ಬೇ ಕಂಪನಿ 1670ರಲ್ಲಿ ಸ್ಥಾಪನೆಯಾದುದು. ಅದರ ಲೆಕ್ಕದ ಪುಸ್ತಕಗಳಲ್ಲಿ ವರ್ಷವರ್ಷ ಬಂದ ಚರ್ಮಗಳ ಎಣಿಕೆ ಇತ್ತು. ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ ಈ ಹಳೆಯ ಖಾತೆಗಳನ್ನು ಕೆದಕಿ ನೋಡಿ, ಮೊಲಗಳೂ ಲಿಂಕ್ಸ್‌ಗಳೂ ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುತ್ತವೆ ಎಂಬುದನ್ನು 1924ರಿಂದ ಮುಂದಿನ ಬರಹಗಳಲ್ಲಿ ತೋರಿಸಿಕೊಟ್ಟರು. ಮೊಲ ಹೆಚ್ಚಿದ ಒಂದೆರಡು ವರ್ಷಕ್ಕೆ ಬೆಕ್ಕು ಹೆಚ್ಚುತ್ತದೆ. ಮೊಲ ಕುಸಿದ ಮೇಲೆ ಬೆಕ್ಕು ಹಸಿದು ಕುಸಿಯುತ್ತದೆ. ತಿನ್ನುವ ಪ್ರಾಣಿ ಯಾವಾಗಲೂ ಒಂದು ಹೆಜ್ಜೆ ಹಿಂದೆ.

ಹಾಗಾದರೆ ಮೊಲವನ್ನು ಕುಸಿಯುವಂತೆ ಮಾಡುವುದು ಬೆಕ್ಕೋ, ಮೇವಿನ ಕೊರತೆಯೋ? ಬಹುಕಾಲ ವಾದ ನಡೆಯಿತು. ಚಾರ್ಲ್ಸ್ ಕ್ರೆಬ್ಸ್ ಮತ್ತು ಅವರ ಜೊತೆಗಾರರು ಕೆನಡಾದ ಯೂಕಾನ್ ಪ್ರಾಂತದಲ್ಲಿ 1986ರಿಂದ 1994ರವರೆಗೆ ಒಂದೊಂದು ಚದರ ಕಿಲೋಮೀಟರಿನ ತಾಕುಗಳನ್ನು ಮಾಡಿ ಪ್ರಯೋಗ ನಡೆಸಿದರು. ಬೆಳೆಯ ತಾಕುಗಳಲ್ಲಿ ಗೊಬ್ಬರದ ಪ್ರಯೋಗ ಮಾಡುವ ಕ್ರಮವೇ ಇದು. ತಾಕು ಮಾತ್ರ ದೊಡ್ಡದು. ಕೆಲವಕ್ಕೆ ಹೆಚ್ಚಿನ ಮೇವು ಹಾಕಿದರು, ಒಂದಕ್ಕೆ ವಿದ್ಯುತ್ ಬೇಲಿ ಕಟ್ಟಿ ಬೇಟೆಯ ಮೃಗಗಳು ಬರದಂತೆ ಮಾಡಿದರು, ಇನ್ನೊಂದರಲ್ಲಿ ಎರಡನ್ನೂ ಮಾಡಿದರು. ಏನೂ ಮಾಡದ ತಾಕಿಗೆ ಹೋಲಿಸಿದಾಗ, ಮೊಲಗಳು ಉತ್ತುಂಗಕ್ಕೇರಿ ಇಳಿಯುವ ಕಾಲದಲ್ಲಿ, ಬೇಟೆಯ ಮೃಗಗಳನ್ನು ತಡೆದ ತಾಕಿನಲ್ಲಿ ಸುಮಾರು 2 ಪಟ್ಟು, ಮೇವು ಹಾಕಿದಲ್ಲಿ 3 ಪಟ್ಟು, ಎರಡನ್ನೂ ಮಾಡಿದಲ್ಲಿ 11 ಪಟ್ಟು ಮೊಲಗಳಿದ್ದವು. ಎರಡು ಮತ್ತು ಮೂರು ಕೂಡಿದರೆ ಐದು, ಗುಣಿಸಿದರೆ ಆರು. ಬಂದದ್ದು ಹನ್ನೊಂದು. ಮೇವಿನ ಸಮೃದ್ಧಿಯೂ ಶತ್ರುಗಳ ಅಭಾವವೂ ಒಂದಕ್ಕೊಂದು ಒತ್ತಾಸೆಯಾದರೆ ಪ್ರಾಣಿಗಳ ಸಂಖ್ಯೆ ಹೇಗೆ ಹಾರುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ಮತ್ತೊಂದು ಸಿಗುವುದು ಕಷ್ಟ.

ಈಗ ಕಂಪ್ಲಿಯ ಗದ್ದೆಯ ಕಡೆ ತಿರುಗಿದರೆ, ಆ ಹನ್ನೊಂದು ಪಟ್ಟಿನ ತಾಕನ್ನು ಇಲ್ಲಿಯೇ ಕಟ್ಟಿಟ್ಟಂತೆ ತೋರುತ್ತದೆ. ವಿಜಯನಗರದ ಅರಸರ ಕಾಲದ ಕಾಲುವೆಗಳು ವರ್ಷದ ಬಹುಭಾಗ ಹರಿಯುತ್ತವೆ. 1953ರಲ್ಲಿ ಪೂರ್ತಿಯಾದ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳು ಇದಕ್ಕೆ ಸೇರಿವೆ. ಭತ್ತ ಮುಗಿದರೆ ಪಕ್ಕದಲ್ಲಿ ಕಬ್ಬು ಅಥವಾ ಬಾಳೆ ನಿಂತಿರುತ್ತದೆ. ಕಾಲುವೆಯ ಮೇಲ್ಭಾಗದವರು ಮೊದಲು ನಾಟಿ ಮಾಡುತ್ತಾರೆ, ಕೊನೆಯ ಭಾಗದವರಿಗೆ ನೀರು ತಡವಾಗಿ ಮುಟ್ಟುತ್ತದೆ. ಹೀಗಾಗಿ ಒಂದು ಗದ್ದೆಯಲ್ಲಿ ಕಟಾವು ಮುಗಿಯುವಾಗ ಇನ್ನೊಂದರಲ್ಲಿ ಹಾಲುಗಾಳು. ಇಲಿಗೆ ಬರಗಾಲವೆಂಬುದೇ ಇಲ್ಲ. ಮೇವಂತೂ ಆಯಿತು; ಇನ್ನು ಶತ್ರುಗಳನ್ನೂ ನಿವಾರಿಸಿಬಿಟ್ಟರೆ ಲೆಕ್ಕ ಪೂರ್ತಿಯಾಗುತ್ತದೆ. ದುರದೃಷ್ಟದಿಂದ ಆ ಕೆಲಸವನ್ನು ಮಾಡುತ್ತಿರುವವರು ರೈತರೇ.

ವಿಷ ಯಾರಿಗೆ ಹೆಚ್ಚು ತಗಲುತ್ತದೆ

ಮೊದಲ ಮಹಾಯುದ್ಧದ ಕಾಲದಲ್ಲಿ ಇಟಲಿಯ ಪೂರ್ವದ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನು ಹಿಡಿಯುವುದು ಬಹಳ ಕಡಮೆಯಾಗಿತ್ತು. ಆ ವರ್ಷಗಳಲ್ಲಿ ಮಾರುಕಟ್ಟೆಗೆ ಬಂದ ಮೀನುಗಳ ಪೈಕಿ ಬೇರೆ ಮೀನುಗಳನ್ನು ತಿನ್ನುವ ದೊಡ್ಡ ಜಾತಿಗಳ ಪಾಲು ಏರಿದ್ದನ್ನು ಡಿ'ಅಂಕೋನಾ ಎಂಬ ಜೀವವಿಜ್ಞಾನಿ ಗಮನಿಸಿದರು. ಅದರ ಕಾರಣವನ್ನು 1926ರಲ್ಲಿ ಗಣಿತಜ್ಞ ವೋಲ್ಟೆರಾ ಲೆಕ್ಕ ಹಾಕಿ ವಿವರಿಸಿದರು. ಸಮೀಕರಣಗಳನ್ನು ಬಿಟ್ಟು ಹೇಳುವುದಾದರೆ ಅದರ ಸಾರ ಇಷ್ಟು: ತಿನ್ನುವ ಪ್ರಾಣಿಯನ್ನೂ ತಿನ್ನಿಸಿಕೊಳ್ಳುವ ಪ್ರಾಣಿಯನ್ನೂ ಒಂದೇ ಪ್ರಮಾಣದಲ್ಲಿ ಕೊಲ್ಲುತ್ತ ಹೋದರೆ ಲಾಭವಾಗುವುದು ತಿನ್ನಿಸಿಕೊಳ್ಳುವ ಪ್ರಾಣಿಗೆ. ಬಲೆ ಬೀಸುವುದು ನಿಂತರೆ ದೊಡ್ಡ ಮೀನಿಗೆ ಸುಕಾಲ, ಬೀಸಿದರೆ ಸಣ್ಣ ಮೀನಿಗೆ ಸುಕಾಲ. ಕೀಟನಾಶಕ ಸಿಂಪಡಿಸಿದ ಮೇಲೆ ಭತ್ತದಲ್ಲಿ ಕಂದು ಜಿಗಿಹುಳು ಉಲ್ಬಣಿಸುವುದನ್ನು ಕಂಡವರಿಗೆ ಈ ಮಾತು ಹೊಸದಲ್ಲ. ಅಲ್ಲಿ ಜಿಗಿಹುಳುವಿಗೆ ಮೊದಲು ಸತ್ತದ್ದು ಜೇಡ.

ಇಲಿಯ ವಿಷಯದಲ್ಲಿ ಇದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು. ಒಂದು ಊರಿನ ಗದ್ದೆಬಯಲಿನಲ್ಲಿ 1000 ಇಲಿಗಳಿವೆ, ಅವು ತಿಂಗಳಿಗೆ ಶೇಕಡಾ 30ರಷ್ಟು ಹೆಚ್ಚುತ್ತವೆ ಎಂದಿಟ್ಟುಕೊಳ್ಳೋಣ. ಅಂದರೆ 300 ಹೊಸ ಇಲಿಗಳು. ಆ ಬಯಲಿನ ಕಾಡುಬೆಕ್ಕು, ನರಿ, ಮುಂಗುಸಿ, ಗೂಬೆ, ಹಾವು ಎಲ್ಲ ಸೇರಿ ತಿಂಗಳಿಗೆ 300 ತಿಂದರೆ ಸಂಖ್ಯೆ ಅಲ್ಲಿಯೇ ನಿಲ್ಲುತ್ತದೆ. ಯಾವುದೋ ಕಾರಣದಿಂದ ಇಲಿಗಳು 2000 ಆದುವೆನ್ನಿ. ಆಗ ತಿಂಗಳ ಏರಿಕೆ 600. ಆದರೆ ಬೆಕ್ಕಿನ ಹೊಟ್ಟೆ ದೊಡ್ಡದಾಗುವುದಿಲ್ಲ. ಇಲಿ ಸುಲಭವಾಗಿ ಸಿಕ್ಕರೂ ಅವು ಒಟ್ಟು 400 ತಿನ್ನಬಹುದು. ಕೈಮೀರಿತು. ಇನ್ನು ಇಲಿಗಳು 400ಕ್ಕೆ ಇಳಿದಾಗ ಏರಿಕೆ 120 ಮಾತ್ರ. ಹುಡುಕುವುದು ಕಷ್ಟವಾದರೂ ಬೇಟೆಗಾರರು 150 ಹಿಡಿದರೆ ಇಲಿಗಳು ಇನ್ನಷ್ಟು ತಗ್ಗುತ್ತವೆ. ಒಂದೇ ಬೆಕ್ಕು, ಒಂದೇ ನರಿ. ಇಲಿ ಕಡಮೆ ಇರುವಾಗ ಸಾಕಾಗುತ್ತದೆ, ಹೆಚ್ಚಿದಾಗ ಸಾಲದು.

ಈಗ 2000 ಇಲಿಗಳಿರುವಾಗ ವಿಷ ಇಟ್ಟು ಅರ್ಧ ಕೊಂದು, ಅದರೊಡನೆ ಬೇಟೆಗಾರರಲ್ಲಿಯೂ ಅರ್ಧ ಸತ್ತವೆಂದು ಭಾವಿಸೋಣ. ಇಲಿ 1000 ಉಳಿದವು, ತಿನ್ನುವ ಶಕ್ತಿ 150ಕ್ಕೆ ಇಳಿಯಿತು. ಮೊದಲ ತಿಂಗಳು ಕಳೆದಾಗ 1150, ಎರಡನೆಯ ತಿಂಗಳಿಗೆ ಸುಮಾರು 1345. ಹೀಗೆಯೇ ಲೆಕ್ಕ ಹಿಡಿದು ಹೋದರೆ ಐದನೆಯ ತಿಂಗಳಿಗೆ ಮತ್ತೆ 2000 ದಾಟುತ್ತವೆ. ಅಷ್ಟರಲ್ಲಿ ನರಿ ಒಂದು ಬಾರಿಯೂ ಮರಿಹಾಕಿರುವುದಿಲ್ಲ. ಅದು ಹೆರುವುದು ವರ್ಷಕ್ಕೊಮ್ಮೆ. ಬೇಟೆಗಾರರು ಸಾಯದೆ ಇದ್ದಿದ್ದರೆ ಆ 1000 ಇಲಿಗಳು 1000ದಲ್ಲಿಯೇ ನಿಲ್ಲುತ್ತಿದ್ದವು. ಅಂಕಿಗಳು ಕಲ್ಪಿತ. ಆದರೆ ಲೆಕ್ಕದ ರೀತಿ ಮಾತ್ರ ಗದ್ದೆಯಲ್ಲಿ ನಡೆಯುವಂತಹುದೇ.

ಇಲಿಗಿಟ್ಟ ವಿಷ ಬೆಕ್ಕಿಗೆ ಹೇಗೆ ಮುಟ್ಟುತ್ತದೆ ಎಂದು ಕೇಳಬಹುದು. ಬ್ರೊಮಾಡಿಯೊಲೋನ್‌ನಂತಹ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷಗಳನ್ನು ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ನಿತ್ರಾಣವಾಗಿ ಹಗಲಿನಲ್ಲಿಯೂ ಹೊರಗೆ ಅಲೆಯುತ್ತದೆ. ಅಂತಹ ಇಲಿಯನ್ನು ಹಿಡಿಯುವುದು ಯಾವ ಬೇಟೆಗಾರನಿಗೂ ಸುಲಭ. ವಿಷ ಅದರ ಯಕೃತ್ತಿನಲ್ಲಿ ಸೇರಿಕೊಂಡು, ಹಲವು ಇಲಿಗಳನ್ನು ತಿಂದ ಮೇಲೆ ಪ್ರಾಣಕ್ಕೆ ಎರವಾಗುತ್ತದೆ. ಸತುವಿನ ಫಾಸ್ಫೈಡ್‌ನಲ್ಲಿ ಈ ದೋಷ ಕಡಮೆ, ಆದರೆ ಅದಕ್ಕೆ ಬೇರೊಂದು ದೋಷವಿದೆ: ಸ್ವಲ್ಪ ತಿಂದು ಬದುಕಿದ ಇಲಿ ಮತ್ತೆ ಆ ತಿನಿಸಿನ ಹತ್ತಿರ ಸುಳಿಯುವುದಿಲ್ಲ. ಇನ್ನು ಕಾಡುಹಂದಿಗೆಂದು ಬೇಲಿಗೆ ವಿದ್ಯುತ್ ಹರಿಸುವುದು, ಉರುಳು ಹಾಕುವುದು, ಕೀಟನಾಶಕ ಸವರಿದ ಮಾಂಸ ಇಡುವುದು ಇವೆಲ್ಲದರಲ್ಲಿ ಸಾಯುವುದು ಹಂದಿಯೊಂದೇ ಅಲ್ಲ. ಅವು ಅಪರಾಧಗಳೂ ಹೌದು, ಮನುಷ್ಯರೂ ಸತ್ತಿದ್ದಾರೆ.

ಈ ಭಾಗದ ಬೇಟೆಗಾರರು

ಕಾಡುಬೆಕ್ಕು ಹೆಸರಿಗೆ ಕಾಡಿನದಾದರೂ ಇರುವುದು ಹೆಚ್ಚಾಗಿ ಕಾಲುವೆಯ ಜೊಂಡು, ಕಬ್ಬಿನ ತೋಟ, ಹುಲ್ಲಿನ ಬೀಳುಗಳಲ್ಲಿ. ರಾಜಸ್ಥಾನದ ಸರಿಸ್ಕಾದಲ್ಲಿ ಅದರ ಹಿಕ್ಕೆಗಳನ್ನು ಪರೀಕ್ಷಿಸಿ ನಡೆಸಿದ ಅಧ್ಯಯನದಲ್ಲಿ ಒಂದು ಬೆಕ್ಕು ದಿನಕ್ಕೆ 3ರಿಂದ 5 ಇಲಿಗಳನ್ನು ತಿನ್ನುತ್ತದೆಂದು ಅಂದಾಜು ಮಾಡಲಾಗಿದೆ. ವರ್ಷಕ್ಕೆ ಸಾವಿರದ ಮೇಲಾಯಿತು. ಅಲ್ಲಿಯ ಇಲಿಗಳು ಚಿಕ್ಕವು, ಗದ್ದೆಯ ಹೆಗ್ಗಣ ತೂಕದಲ್ಲಿ ದೊಡ್ಡದು. ಆದುದರಿಂದ ಇಲ್ಲಿ ಎಣಿಕೆ ಕಡಮೆಯಾಗಬಹುದು. ಆದರೂ ಸಂಬಳವಿಲ್ಲದ ಆಳಿನ ಕೆಲಸಕ್ಕೆ ಅದು ಕಡಮೆಯೇನಲ್ಲ. ಕೋಳಿ ಕದಿಯುವುದುಂಟು, ಅದಕ್ಕೆ ಭದ್ರವಾದ ಗೂಡು ಪರಿಹಾರವೇ ಹೊರತು ಕೋವಿಯಲ್ಲ.

ನರಿಯ ವಿಷಯದಲ್ಲಿ ಇಷ್ಟು ಹೊಗಳಿಕೆ ಸಲ್ಲದು. ಗುಳ್ಳೆನರಿ ಇಲಿಯನ್ನೂ ತಿನ್ನುತ್ತದೆ, ಕಬ್ಬನ್ನೂ ಸಿಗಿಯುತ್ತದೆ, ಸಿಕ್ಕರೆ ಕುರಿಮರಿಯನ್ನೂ ಎಳೆಯುತ್ತದೆ. ಬೆದ್ದಲು ಸೀಮೆಯ ಚಿಕ್ಕ ಬಯಲುನರಿ ಮಾತ್ರ ಇಲಿ, ಕೀಟ, ಬೋರೆಹಣ್ಣುಗಳಲ್ಲಿಯೇ ಕಾಲ ಹಾಕುವ ಸಾಧು ಪ್ರಾಣಿ. ಮುಂಗುಸಿಯ ಉಪಕಾರವನ್ನು ಹೇಳಬೇಕಾಗಿಲ್ಲ. ಕಣಜಗೂಬೆಯದು ಮಾತ್ರ ಹೇಳಬೇಕು. ಏಕೆಂದರೆ ಅದನ್ನು ಅಪಶಕುನವೆಂದು ಕಲ್ಲು ಹೊಡೆಯುವವರು ಇನ್ನೂ ಇದ್ದಾರೆ. ಅದು ಸಸ್ತನಿಯಲ್ಲದಿದ್ದರೂ ಇಲಿಯ ಶತ್ರುಗಳಲ್ಲಿ ಅದಕ್ಕೆ ಮೊದಲ ಸಾಲಿನ ಜಾಗ. ಹಂಪಿಯ ಪಾಳುಮಂಟಪಗಳಂತಹ ಕತ್ತಲೆಯ ಸಂದುಗಳು ಅದಕ್ಕೆ ಪ್ರಿಯ. ಮಲೇಷ್ಯಾದ ತಾಳೆ ತೋಟಗಳಲ್ಲಿಯೂ ಇಸ್ರೇಲಿನ ಹೊಲಗಳಲ್ಲಿಯೂ ಮರದ ಪೆಟ್ಟಿಗೆಗಳನ್ನು ಕಂಬದ ಮೇಲೆ ಕಟ್ಟಿ ಈ ಗೂಬೆಯನ್ನು ನೆಲೆಗೊಳಿಸಿದ್ದಾರೆ.

ನದಿಯ ನೀರುನಾಯಿಯನ್ನೂ ಇಲ್ಲಿ ನೆನೆಯಬಹುದು. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ನದೀಪಾತ್ರವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ಅದರ ಮುಖ್ಯ ಆಹಾರ ಮೀನು. ಬದು ಕೊರೆದು ನೀರು ಸೋರಿಸುವ ಏಡಿಯನ್ನೂ ಅದು ತಿನ್ನುತ್ತದೆ.

ಗುಡ್ಡದ ಕಡೆಯ ಮಾತು ಬೇರೆ. 1994ರಲ್ಲಿ ಸುಮಾರು 55 ಚದರ ಕಿಲೋಮೀಟರ್ ವಿಸ್ತಾರದಲ್ಲಿ ಘೋಷಿಸಲಾದ ದರೋಜಿ ಕರಡಿಧಾಮ ಸಂಡೂರು ತಾಲ್ಲೂಕಿನ ದರೋಜಿ ಮತ್ತು ಹೊಸಪೇಟೆ ಕಡೆಯ ರಾಮಸಾಗರದ ನಡುವಣ ಕಲ್ಲುಗುಡ್ಡಗಳಲ್ಲಿದೆ. ಮುಂದೆ ಅದನ್ನು ಇನ್ನಷ್ಟು ವಿಸ್ತರಿಸಲಾಯಿತು. ಕರಡಿ ಬೇಟೆಗಾರ ಪ್ರಾಣಿಯಲ್ಲ. ಗೆದ್ದಲು, ಇರುವೆ, ಜೇನು, ಹಣ್ಣು ಅದರ ಆಹಾರ. ಬೇಟೆಗಾರನೆಂದರೆ ಚಿರತೆ. ಗುಡ್ಡದಂಚಿನ ಊರುಗಳ ಶೇಂಗಾ, ಮೆಕ್ಕೆಜೋಳ ಹಾಳುಮಾಡುವ ಕಾಡುಹಂದಿಯನ್ನು ಚಿರತೆ ಹತೋಟಿಯಲ್ಲಿಡುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದರಲ್ಲಿ ಅರ್ಧ ಮಾತ್ರ ಸತ್ಯ. ಚಿರತೆ ಹಿಡಿಯುವುದು ಬಹುಮಟ್ಟಿಗೆ ಮರಿಗಳನ್ನು. ಬೆಳೆದ ಸಲಗವನ್ನು ಅದು ಕೆಣಕುವುದು ಅಪರೂಪ. ದೊಡ್ಡ ಹಂದಿಯನ್ನು ಹೊಡೆಯಬಲ್ಲ ಹುಲಿ ಇಂದು ಈ ಭಾಗದಲ್ಲಿಲ್ಲ. ಅದರ ಮೇಲೆ ಹಂದಿಗೆ ಹೊಲದ ಮೇವು ಧಾರಾಳ. ಆದುದರಿಂದ ಹಂದಿಯ ವಿಷಯದಲ್ಲಿ ಬೇಟೆಯ ಮೃಗವನ್ನು ನಂಬಿ ಕೂರುವಂತಿಲ್ಲ. ಬೇಲಿ, ಕಾವಲು, ಅರಣ್ಯ ಇಲಾಖೆಯ ಬೆಳೆ ಪರಿಹಾರ ಇವನ್ನೇ ಅವಲಂಬಿಸಬೇಕು. ಚಿರತೆಗೆ ಊರಿನ ಬೀದಿನಾಯಿ ಹಂದಿಗಿಂತ ಸುಲಭದ ತುತ್ತು. ಕಸ, ಸತ್ತ ಕೋಳಿ, ಮಾಂಸದಂಗಡಿಯ ಚೂರುಪಾರುಗಳನ್ನು ಊರಂಚಿಗೆ ಸುರಿದಲ್ಲಿ ನಾಯಿ ಹೆಚ್ಚುತ್ತವೆ, ನಾಯಿ ಹೆಚ್ಚಿದಲ್ಲಿಗೆ ಚಿರತೆ ಬರುತ್ತದೆ. ಇದೂ ಮೇವಿನ ಲೆಕ್ಕವೇ.

ಯಾವಾಗ ಕೈ ಹಾಕಬೇಕು

ಮೇಲಿನ ಲೆಕ್ಕದಿಂದ ಹೊರಡುವ ಮುಖ್ಯ ಸಂಗತಿ ಕಾಲಕ್ಕೆ ಸಂಬಂಧಿಸಿದುದು. ಬೆಳೆ ತೆನೆ ಬಿಟ್ಟ ಮೇಲೆ ಇಟ್ಟ ವಿಷ ಎರಡು ರೀತಿಯಲ್ಲಿ ವ್ಯರ್ಥ: ಆಗ ಇಲಿಗಳ ಸಂಖ್ಯೆ ಉತ್ತುಂಗದಲ್ಲಿರುತ್ತದೆ, ಎಳೆಗಾಳು ಕಣ್ಣೆದುರಿಗೇ ಇರುವಾಗ ವಿಷದ ತಿನಿಸನ್ನು ಅವು ಮೂಸುವುದೂ ಇಲ್ಲ. ಕಾಲುವೆಯ ನೀರು ನಿಂತು ಗದ್ದೆಗಳು ಬರಿದಾಗಿರುವ ಬೇಸಿಗೆಯ ಕೊನೆಯ ವಾರಗಳು, ತಪ್ಪಿದರೆ ನಾಟಿಯಾದ ಮೊದಲ ತಿಂಗಳು ಇದಕ್ಕೆ ತಕ್ಕ ಕಾಲ. ಆಗ ಇಲಿಗಳು ಕಡಮೆ, ಹಸಿವು ಹೆಚ್ಚು, ಅವು ಅಡಗುವ ಜಾಗಗಳೂ ಕೆಲವೇ: ಕಾಲುವೆಯ ಏರಿ, ದೊಡ್ಡ ಬದು, ಕಬ್ಬು ಬಾಳೆಗಳ ಅಂಚು, ಹುಲ್ಲಿನ ಬಣವೆ.

ಒಬ್ಬನೇ ರೈತ ಮಾಡಿದರೆ ಪಕ್ಕದ ಗದ್ದೆಯ ಇಲಿಗಳು ಕೆಲವೇ ದಿನಗಳಲ್ಲಿ ಬಂದು ತುಂಬಿಕೊಳ್ಳುತ್ತವೆ. ಒಂದು ಉಪಕಾಲುವೆಯ ರೈತರೆಲ್ಲ ಒಂದೇ ವಾರದಲ್ಲಿ ಮಾಡಬೇಕು. ಮೊದಲ ದಿನ ಸಂಜೆ ಬಿಲಗಳೆಲ್ಲವನ್ನೂ ಮಣ್ಣಿನಿಂದ ಮುಚ್ಚಬೇಕು. ಮರುದಿನ ಬೆಳಿಗ್ಗೆ ತೆರೆದಿರುವವು ಮಾತ್ರ ಇಲಿ ಇರುವ ಬಿಲಗಳು. ಅವನ್ನು ಎಣಿಸಿ ಬರೆದಿಡಬೇಕು. ಅಗೆದು ಹಿಡಿಯಲು ಆಗುವ ಕಡೆ ಅಗೆದು ಹಿಡಿಯುವುದೇ ಮೇಲು. ಸತುವಿನ ಫಾಸ್ಫೈಡ್ ಬಳಸುವುದಾದರೆ ಎರಡು ದಿನ ಬರೀ ನುಚ್ಚು ಮತ್ತು ಎಣ್ಣೆ ಕಲಸಿಟ್ಟು ರುಚಿ ಹಿಡಿಸಬೇಕು. ಮೂರನೆಯ ದಿನ 96 ಭಾಗ ನುಚ್ಚು, 2 ಭಾಗ ಅಡುಗೆ ಎಣ್ಣೆ, 2 ಭಾಗ ವಿಷ ಬೆರೆಸಿ, ಬಿಲಕ್ಕೆ ಸುಮಾರು 10 ಗ್ರಾಂನಂತೆ ಕಾಗದದ ಪೊಟ್ಟಣ ಕಟ್ಟಿ ಬಿಲದ ಒಳಕ್ಕೆ ತಳ್ಳಿ ಬಾಯಿ ಮುಚ್ಚಬೇಕು. ಬದುವಿನ ಮೇಲೆ ಎರಚಬಾರದು. ನವಿಲು, ಗೌಜಲಹಕ್ಕಿ, ದನಕರು ಯಾವುದಕ್ಕೂ ಅದು ಬೇಧ ಮಾಡುವುದಿಲ್ಲ. ಕಲಸುವಾಗ ಕೈಗವಸು ಹಾಕಿ, ಕೋಲಿನಿಂದ ಬೆರೆಸಬೇಕು. ವಿಷ ಇಟ್ಟ ಮೇಲೆ ವಾರದವರೆಗೆ ಪ್ರತಿದಿನ ಬೆಳಿಗ್ಗೆ ಸುತ್ತಿ, ಸತ್ತ ಮತ್ತು ತೂಕಡಿಸುತ್ತಿರುವ ಇಲಿಗಳನ್ನು ಆರಿಸಿ ಆಳವಾಗಿ ಹೂಳಬೇಕು. ಬೇಸರದ ಕೆಲಸವೆಂದು ಎಲ್ಲರೂ ಬಿಡುವುದು ಇದನ್ನೇ. ಆದರೆ ಬೆಕ್ಕು, ಗೂಬೆಗಳು ಉಳಿಯುವುದೂ ಬಿಡುವುದೂ ಇದನ್ನೇ ಅವಲಂಬಿಸಿದೆ.

ಬದುಗಳ ಅಗಲ, ಎತ್ತರ ಒಂದು ಅಡಿಯನ್ನು ಮೀರದಿದ್ದರೆ ಹೆಗ್ಗಣಕ್ಕೆ ಸಂಸಾರ ಹೂಡುವಷ್ಟು ಜಾಗ ಸಿಗುವುದಿಲ್ಲ. ಒಂದೇ ತೂಬಿನ ಕೆಳಗಿನವರು ಎರಡು ವಾರದೊಳಗೆ ನಾಟಿ ಮುಗಿಸಿದರೆ ಇಲಿಗೆ ತೆನೆ ಸಿಗುವ ಕಾಲ ಮೊಟಕಾಗುತ್ತದೆ; ಇದು ಮೇಲ್ಭಾಗ ಮತ್ತು ಕೊನೆಯ ಭಾಗದವರ ನಡುವಣ ನೀರಿನ ಒಪ್ಪಂದದ ಪ್ರಶ್ನೆಯಾದುದರಿಂದ ಹೇಳುವಷ್ಟು ಸುಲಭವಲ್ಲ. ಗೂಬೆ ಕೂರಲು ಬೆಳೆಗಿಂತ ಎತ್ತರವಾಗಿ ಅಡ್ಡಪಟ್ಟಿ ಹೊಡೆದ ಕೋಲುಗಳನ್ನು ನೆಡಬಹುದು. ತೆನೆ ಬಂದ ಮೇಲೆ ಹಗಲುಹಕ್ಕಿಗಳಿಗೆ ಅವೇ ಅನುಕೂಲವಾಗುವುದರಿಂದ ಕಿತ್ತುಬಿಡಬೇಕು.

ವಿಸ್ತರಣಾ ಕಾರ್ಯಕರ್ತರು ಊರಿಗೆ ಒಂದು ಉಪಕಾಲುವೆಯನ್ನು ಆರಿಸಿಕೊಂಡು, ಅದೇ ಹತ್ತು ಬದುಗಳಲ್ಲಿ ತಿಂಗಳಿಗೊಮ್ಮೆ ಬಿಲ ಮುಚ್ಚಿ ಎಣಿಸುವ ಪದ್ಧತಿ ಇಟ್ಟುಕೊಂಡರೆ, ಸಂಖ್ಯೆ ಏರತೊಡಗಿದ್ದು ಬೆಳೆ ಕತ್ತರಿಸಿ ಬೀಳುವ ಮೊದಲೇ ತಿಳಿಯುತ್ತದೆ. ಅದೇ ವಹಿಯಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದ ದಿನ, ಕಾಲುವೆಗೆ ನೀರು ಬಿಟ್ಟ ದಿನ, ಕಣ್ಣಿಗೆ ಬಿದ್ದ ಬೆಕ್ಕು, ನರಿ, ಗೂಬೆಗಳನ್ನೂ ಬರೆಯಬೇಕು. ಎರೆಭೂಮಿಯ ಊರುಗಳಲ್ಲಿ ಮೊದಲ ಮಳೆ ಕೈಕೊಟ್ಟ ವರ್ಷ ಬಿತ್ತನೆಗೆ ಮುಂಚೆಯೇ ಬಿಲ ಎಣಿಸಲು ಹೊರಡತಕ್ಕದ್ದು.